ಚಳಿಗಾಲದ ಡೀಸೆಲ್ ಲೆಕ್ಕ: ಉತ್ತರಕ್ಕೆ ಲಾರಿ ಕಳಿಸುವವರಿಗೆ

ತಿಪಟೂರಿನಿಂದ ಉಂಡೆ ಕೊಬ್ಬರಿ ತುಂಬಿಕೊಂಡು ದೆಹಲಿ, ಅಲ್ಲಿ ಸಿಕ್ಕ ಸರಕು ಹಾಕಿಕೊಂಡು ಜಮ್ಮು, ಶ್ರೀನಗರ, ಹಿಂದಿರುಗುವಾಗ ಪುಲ್ವಾಮಾ ಜಿಲ್ಲೆಯ ಲಸ್ಸಿಪೋರಾದ ಶೈತ್ಯಾಗಾರಗಳಿಂದ ಸೇಬು. ಚಳಿಗಾಲದಲ್ಲಿ ನನ್ನ ಹನ್ನೆರಡು ಚಕ್ರದ ಲಾರಿಗಳು ಓಡುವ ದಾರಿ ಇದು. ಮೊದಲು ನಾನೇ ಸ್ಟೇರಿಂಗ್ ಹಿಡಿದು ಹೋಗುತ್ತಿದ್ದೆ. ಈಗ ಡೀಸೆಲ್ ಚೀಟಿಗಳನ್ನು ಹಿಡಿದು ಕೂರುತ್ತೇನೆ. ಸೆಪ್ಟೆಂಬರಿನಲ್ಲಿ ಲೀಟರ್‌ಗೆ ನಾಲ್ಕು ಕಿಲೋಮೀಟರ್ ಕೊಡುವ ಗಾಡಿ ಜನವರಿಯಲ್ಲಿ ಮೂರೂವರೆಗೆ ಬರುತ್ತದೆ, ಘಟ್ಟ ಹತ್ತಿದ ಮೇಲೆ ಮೂರಕ್ಕೂ ಕೆಳಗೆ ಇಳಿಯುತ್ತದೆ. ಚೀಟಿ ನೋಡಿದ ಮಾಲೀಕರ ಬಾಯಿಂದ ಬರುವ ಮೊದಲ ಮಾತು ಒಂದೇ: ‘ಡ್ರೈವರ್ ಡೀಸೆಲ್ ಮಾರಿದ್ದಾನೆ.’

ಮಾರುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಚಳಿ ತಾನಾಗಿಯೇ ಎಷ್ಟು ಡೀಸೆಲ್ ತಿನ್ನುತ್ತದೆ ಎಂಬ ಲೆಕ್ಕ ಕೈಯಲ್ಲಿಲ್ಲದೆ ಯಾರನ್ನೂ ಕಳ್ಳ ಎನ್ನಬಾರದು. ನಾನು ಕಂಡಂತೆ ಚಳಿಗಾಲದ ನಷ್ಟದ ದೊಡ್ಡ ಪಾಲು ಹೋಗುವುದು ಎರಡೇ ಕಡೆ: ಎಂಜಿನ್ ಸರಿಯಾಗಿ ಕಾಯದೆ ಓಡುವಾಗ, ಮತ್ತು ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ. ಮಿಕ್ಕ ಕಾರಣಗಳು ನಿಜವಾದರೂ ಚಿಕ್ಕವು. ಆದ್ದರಿಂದ ಈ ಬರಹದಲ್ಲಿಯೂ ಆ ಎರಡಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇದು ಕಾಶ್ಮೀರಕ್ಕೆ ಹೋಗುವವರಿಗೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಬೀದರ್, ವಿಜಯಪುರದ ಕಡೆ ಡಿಸೆಂಬರಿನ ಬೆಳಗಿನ ಜಾವ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಎಂಜಿನ್ ಮತ್ತು ಟಯರಿನ ಮಾತು ಅಲ್ಲಿಗೂ ಸಲ್ಲುತ್ತದೆ. ಡೀಸೆಲ್ ಗಟ್ಟಿಯಾಗುವ ತಾಪತ್ರಯ ಮಾತ್ರ ಬನಿಹಾಲ್ ಘಟ್ಟ ದಾಟಿ ಕಾಶ್ಮೀರ ಕಣಿವೆಗೆ ಹೋಗುವವರದು.

ಹೊರಡುವ ಮೊದಲು, ಊರಿನಲ್ಲೇ

ಮೊದಲು ಥರ್ಮೋಸ್ಟಾಟ್ ನೋಡಿ. ಎಂಜಿನ್ ಬಿಸಿಯಾಗುವವರೆಗೆ ಒಳಗಿನ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್ ಇದು. ನಮ್ಮ ಕಡೆಯ ಎಷ್ಟೋ ಮೆಕ್ಯಾನಿಕ್‌ಗಳು ಬೇಸಿಗೆಯಲ್ಲಿ ಗಾಡಿ ಕಾಯುತ್ತದೆ ಎಂದ ಕೂಡಲೇ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಎಸೆಯುತ್ತಾರೆ. ರೇಡಿಯೇಟರ್‌ನಲ್ಲಿ ಕಸ ಕಟ್ಟಿದ್ದರೆ, ಫ್ಯಾನ್ ಬೆಲ್ಟ್ ಸಡಿಲವಾಗಿದ್ದರೆ ಅದನ್ನು ಸರಿಪಡಿಸಲು ಅರ್ಧ ದಿನ ಬೇಕು. ವಾಲ್ವ್ ಕೀಳಲು ಅರ್ಧ ಗಂಟೆ ಸಾಕು. ಏಪ್ರಿಲ್‌ನಲ್ಲಿ ಅದರಿಂದ ಆಗುವ ಕೇಡು ಕಣ್ಣಿಗೆ ಬೀಳುವುದಿಲ್ಲ. ಜನವರಿಯಲ್ಲಿ ಪಂಜಾಬ್ ದಾಟುವಾಗ ಆ ಎಂಜಿನ್ ಇಡೀ ದಿನ ಓಡಿದರೂ ಸರಿಯಾದ ಬಿಸಿಗೆ ಬರುವುದಿಲ್ಲ. ಬಿಸಿಯಾಗದ ಎಂಜಿನ್‌ನಲ್ಲಿ ಎಣ್ಣೆ ದಪ್ಪಗೇ ಉಳಿಯುತ್ತದೆ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಅದೇ ಬಲಕ್ಕೆ ಹೆಚ್ಚು ಡೀಸೆಲ್ ಬೇಕಾಗುತ್ತದೆ.

ವಾಲ್ವ್ ಇದೆಯೋ ಇಲ್ಲವೋ, ಇದ್ದರೂ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಬಿಚ್ಚಲೇಬೇಕೆಂದಿಲ್ಲ. ಲೋಡ್ ಗಾಡಿ ಓಡಲು ಶುರುವಾಗಿ ಹತ್ತು ಹದಿನೈದು ನಿಮಿಷದಲ್ಲಿ ಉಷ್ಣಾಂಶದ ಮುಳ್ಳು ನಡುವಿಗೆ ಬಂದು ನಿಲ್ಲಬೇಕು. ಏರಿನಲ್ಲಿ ಮೇಲೇರಿ ಇಳಿಜಾರಿನಲ್ಲಿ ದಡದಡನೆ ಕೆಳಗೆ ಬೀಳುತ್ತಿದ್ದರೆ ವಾಲ್ವ್ ತೆರೆದೇ ನಿಂತಿದೆ ಎಂದು ಅರ್ಥ. ಬಿಚ್ಚಿದ್ದೇ ಆದರೆ, ಪಾತ್ರೆಯಲ್ಲಿ ನೀರಿಟ್ಟು ಒಲೆಯ ಮೇಲೆ ಕಾಯಿಸುತ್ತಾ ಅದರಲ್ಲಿ ಮುಳುಗಿಸಿ ನೋಡಿ. ವಾಲ್ವಿನ ಮೇಲೆಯೇ ಅದು ತೆರೆಯಬೇಕಾದ ಡಿಗ್ರಿ ಅಚ್ಚಾಗಿರುತ್ತದೆ. ತಣ್ಣೀರಿನಲ್ಲೇ ಬಾಯಿ ತೆರೆದಿದ್ದರೆ ಹೊಸದು ಹಾಕಿಸಿ. ಚಳಿಗಾಲಕ್ಕೆಂದು ಲಾರಿಗೆ ಒಂದೇ ಒಂದು ಖರ್ಚು ಮಾಡುತ್ತೇನೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ರೇಡಿಯೇಟರ್‌ಗೆ ಕೊಳಾಯಿ ನೀರು ತುಂಬಿಸಿ ಓಡಿಸುವ ಅಭ್ಯಾಸ ಇನ್ನೂ ಇದೆ. ಕೂಲೆಂಟ್ ಮತ್ತು ನೀರು ಸಮಪಾಲು ಬೆರೆತರೆ ಮೈನಸ್ 35 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ಬರೀ ನೀರು ಸೊನ್ನೆಗೇ ಗಟ್ಟಿಯಾಗಿ ಹಿಗ್ಗುತ್ತದೆ, ರಾತ್ರಿ ಬೆಳಗಾಗುವಷ್ಟರಲ್ಲಿ ಬ್ಲಾಕ್ ಬಿರುಕು ಬಿಡಬಹುದು. ಅದಕ್ಕೆ ಹೆದರಿ ಡ್ರೈವರ್ ರಾತ್ರಿಯೆಲ್ಲ ಎಂಜಿನ್ ಓಡಿಸುತ್ತಾನೆ. ಕೂಲೆಂಟ್‌ನಲ್ಲಿ ಉಳಿಸಿದ ಹಣ ಡೀಸೆಲ್ ಚೀಟಿಯಲ್ಲಿ ಬರುತ್ತದೆ.

ಎಂಜಿನ್ ಎಣ್ಣೆಯ ಡಬ್ಬಿಯ ಮೇಲೆ 15ಡಬ್ಲ್ಯು-40 ಎಂದಿದ್ದರೆ ಮೊದಲ ಅಂಕಿ ಚಳಿಯಲ್ಲಿ ಅದು ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ ಸಂಬಂಧಿಸಿದ್ದು. ಆ ಅಂಕಿ 10 ಅಥವಾ 5 ಆದರೆ ಚಳಿಯಲ್ಲಿ ಬೇಗ ಹರಿಯುತ್ತದೆ. ಗಾಡಿಯ ಪುಸ್ತಕದಲ್ಲಿ ಕಂಪನಿ ಒಪ್ಪಿರುವ ದರ್ಜೆಗಳನ್ನು ಕೊಟ್ಟಿರುತ್ತಾರೆ. ಅದರೊಳಗೆ ಕಡಿಮೆ ಅಂಕಿಯದನ್ನು ಆರಿಸಿ, ಹೊರಗಿನದನ್ನು ಹಾಕಬೇಡಿ. ಯಾರೂ ಯೋಚಿಸದಿರುವುದು ಗೇರ್‌ಬಾಕ್ಸ್ ಮತ್ತು ಹೌಸಿಂಗ್‌ನ (ಹಿಂದಿನ ಆಕ್ಸಲ್ ನಡುವಿನ ಹಲ್ಲುಚಕ್ರಗಳ ಪೆಟ್ಟಿಗೆಯ) ಎಣ್ಣೆಯ ಬಗ್ಗೆ. ಎಂಜಿನ್‌ಗಾದರೂ ಬೆಂಕಿ ಒಳಗೇ ಇದೆ. ಹೌಸಿಂಗ್‌ನ ಎಣ್ಣೆಗೆ ಹಲ್ಲುಗಳ ತಿಕ್ಕಾಟವೊಂದೇ ಶಾಖ. ಸೊನ್ನೆ ಡಿಗ್ರಿಯಲ್ಲಿ ದಪ್ಪನೆಯ ಹೌಸಿಂಗ್ ಎಣ್ಣೆಯನ್ನು ಒಳಗಿನ ಕ್ರೌನ್ ಚಕ್ರ ಕಲಕುತ್ತಾ ಹೋಗಬೇಕಾದರೆ ಹೊರಟ ಮೊದಲ ಒಂದು ಗಂಟೆ ಗಾಡಿ ಹಿಡಿದೆಳೆದಂತೆ ಓಡುತ್ತದೆ. ಹೇಗೂ ಎಣ್ಣೆ ಬದಲಿಸುವ ಕಾಲ ಬಂದಿದ್ದರೆ ಅಕ್ಟೋಬರಿನಲ್ಲೇ ಬದಲಿಸಿ, ಕಂಪನಿ ಒಪ್ಪುವ ತೆಳುವಾದ ದರ್ಜೆಗೆ ಹೋಗಿ.

ಬ್ಯಾಟರಿ, ಡೀಸೆಲ್ ಫಿಲ್ಟರ್, ಬ್ರೇಕಿನ ಗಾಳಿಯ ತೇವ ಹೀರುವ ಏರ್ ಡ್ರೈಯರ್ ಮೂರನ್ನೂ ಊರಲ್ಲೇ ನೋಡಿಸಿಕೊಳ್ಳಿ. ಸೊನ್ನೆ ಡಿಗ್ರಿಯಲ್ಲಿ ಬ್ಯಾಟರಿಯ ಶಕ್ತಿ ಐದರಲ್ಲಿ ಒಂದು ಭಾಗ ಕುಗ್ಗುತ್ತದೆ. ಹಳೆಯ ಬ್ಯಾಟರಿ ಎತ್ತದಿದ್ದರೆ ಎಂಬ ಭಯವಿರುವ ಡ್ರೈವರ್ ಎಂಜಿನ್ ಆರಿಸುವುದೇ ಇಲ್ಲ. ಒಂದು ಮಾತು ನೆನಪಿಡಿ: ಚಳಿಗಾಲದಲ್ಲಿ ಗಾಡಿಯ ಯಾವ ದೌರ್ಬಲ್ಯವಿದ್ದರೂ ಕೊನೆಗೆ ಅದು ‘ಎಂಜಿನ್ ಆರಿಸಬೇಡ’ ಎಂಬಲ್ಲಿಗೇ ಬಂದು ಮುಟ್ಟುತ್ತದೆ.

ರಟ್ಟಿನ ಹಲಗೆ

ರೇಡಿಯೇಟರ್ ಮುಂದೆ ರಟ್ಟು ಅಥವಾ ಗೋಣಿತಾಟು ಕಟ್ಟಿದ ಲಾರಿಗಳನ್ನು ಪಠಾಣ್‌ಕೋಟ್ ದಾಟಿದ ಮೇಲೆ ನೋಡಿರುತ್ತೀರಿ. ಉಪಾಯ ಒಳ್ಳೆಯದೇ. ಎದುರು ಗಾಳಿ ಎಂಜಿನ್ ಕೋಣೆಯನ್ನು ತಣ್ಣಗಾಗಿಸುವುದನ್ನು ಅದು ತಡೆಯುತ್ತದೆ. ಆದರೆ ಈಗಿನ ಟರ್ಬೊ ಗಾಡಿಗಳಲ್ಲಿ ರೇಡಿಯೇಟರ್‌ನ ಮುಂದೆಯೇ, ಎಂಜಿನ್‌ಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇರುತ್ತದೆ. ಅದನ್ನು ಪೂರ್ತಿ ಮುಚ್ಚಿದರೆ ಎಂಜಿನ್‌ಗೆ ಹೋಗುವ ಗಾಳಿ ಬಿಸಿಯಾಗಿ, ಎಳೆತ ಕುಗ್ಗಿ, ಉಳಿಸಬೇಕೆಂದಿದ್ದ ಡೀಸೆಲ್ ಇನ್ನೊಂದು ದಾರಿಯಲ್ಲಿ ಹೋಗುತ್ತದೆ. ಅರ್ಧ ಮುಚ್ಚಿ, ನಡುಭಾಗ ತೆರೆದಿರಲಿ. ರಾಮಬನ್ ಏರಿಗೆ ಮೊದಲು ತೆಗೆದು ಸೀಟಿನ ಹಿಂದೆ ಇಡಿ. ರಟ್ಟು ಕಟ್ಟಿದ ಮೇಲೂ ಮುಳ್ಳು ಮೇಲೇಳದಿದ್ದರೆ ತಪ್ಪು ರಟ್ಟಿನದಲ್ಲ, ಮತ್ತೆ ಥರ್ಮೋಸ್ಟಾಟ್ ನೋಡಿ.

ಟಯರಿನ ಗಾಳಿ: ಚಿಕ್ಕ ಲೆಕ್ಕ

ತಿಪಟೂರಿನಲ್ಲಿ ಮಧ್ಯಾಹ್ನ 32 ಡಿಗ್ರಿ ಬಿಸಿಲಿನಲ್ಲಿ 120 ಪಿಎಸ್‌ಐ ಗಾಳಿ ಹಿಡಿಸಿದಿರಿ ಎನ್ನಿ. ಅದೇ ಟಯರು ಕಾಶ್ಮೀರದಲ್ಲಿ ಮೈನಸ್ 3 ಡಿಗ್ರಿಯ ಮುಂಜಾನೆ ಒಂದು ಗುಳ್ಳೆಯಷ್ಟು ಗಾಳಿಯೂ ಸೋರದೆ 107ರ ಸುತ್ತ ತೋರಿಸುತ್ತದೆ. ಗಾಳಿ ತಣ್ಣಗಾದರೆ ಒತ್ತಡ ಇಳಿಯುತ್ತದೆ, ಅಷ್ಟೆ. ಬಯಲಿನಲ್ಲಾದರೆ ಇನ್ನೂ ಎರಡು ಮೂರು ಕಡಿಮೆ ತೋರಿಸುತ್ತಿತ್ತು. ಎತ್ತರದಲ್ಲಿ ಹೊರಗಿನ ವಾತಾವರಣದ ಒತ್ತಡವೇ ಕಡಿಮೆಯಿರುವುದರಿಂದ ಮೀಟರು ಸ್ವಲ್ಪ ಹೆಚ್ಚು ಹೇಳುತ್ತದೆ. ಲಾರಿ ಟಯರಿಗೆ ಪ್ರತಿ ಹತ್ತು ಡಿಗ್ರಿಗೆ ನಾಲ್ಕರಿಂದ ಐದು ಪಿಎಸ್‌ಐ ಎಂದು ಲೆಕ್ಕ ಇಟ್ಟುಕೊಳ್ಳಿ.

ಎಲ್ಲ ಚಕ್ರಗಳಲ್ಲೂ ಹತ್ತು ಪಿಎಸ್‌ಐ ಕಡಿಮೆಯಿದ್ದರೆ ಡೀಸೆಲ್ ನಷ್ಟ ಶೇ 1ರ ಆಸುಪಾಸು. ಕೇಳಲು ಸಣ್ಣದು, ಟಯರಿನ ಅಂಚು ಸವೆಯುವ ನಷ್ಟ ಅದಕ್ಕಿಂತ ದೊಡ್ಡದು. ಚಳಿಗೆ ರಬ್ಬರೇ ಬಿಗಿಯಾಗುವುದರಿಂದ ಬೆಳಗಿನ ಹೊತ್ತು ಉರುಳುವುದೂ ಭಾರ. ಅದಕ್ಕೆ ಮದ್ದಿಲ್ಲ, ಓಡುತ್ತಾ ಓಡುತ್ತಾ ಟಯರು ಕಾಯಬೇಕು.

ಮಾಡಬೇಕಾದದ್ದು ಇಷ್ಟು. ನಾಗಪುರದಲ್ಲಿ ಒಮ್ಮೆ, ದೆಹಲಿ ದಾಟಿದ ಮೇಲೆ ಒಮ್ಮೆ, ಜಮ್ಮುವಿನಲ್ಲಿ ಒಮ್ಮೆ, ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟಯರು ತಣ್ಣಗಿರುವಾಗ ನೋಡಿ ಸರಿಮಾಡಿ. ಓಡಿ ಬಂದ ಬಿಸಿ ಟಯರಿನಿಂದ ‘ಹೆಚ್ಚಾಗಿದೆ’ ಎಂದು ಗಾಳಿ ಬಿಡಬೇಡಿ. ಕೋಲಿನಿಂದ ಬಡಿದು ಸದ್ದು ಕೇಳಿ ‘ಸರಿಯಿದೆ’ ಎನ್ನುವ ಕ್ಲೀನರ್‌ಗಳು ಪಂಕ್ಚರ್ ಆದ ಟಯರನ್ನು ಗುರುತಿಸಬಲ್ಲರು. 120ಕ್ಕೂ 107ಕ್ಕೂ ಇರುವ ವ್ಯತ್ಯಾಸ ಯಾವ ಕಿವಿಗೂ ಕೇಳುವುದಿಲ್ಲ. ಒಂದು ಒಳ್ಳೆಯ ಮೀಟರ್ ಕೊಡಿಸಿ.

ಗಾಳಿ, ಟಾರ್ಪಾಲು, ಮಂಜು

ಸೊನ್ನೆ ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಶೇ 11ರಷ್ಟು ಸಾಂದ್ರ. ಎದುರುಗಾಳಿಯನ್ನು ಸೀಳಲು ಅಷ್ಟೇ ಹೆಚ್ಚು ಬಲ ಬೇಕು. ಇದು ಬಯಲಿನ ಹೆದ್ದಾರಿಯಲ್ಲಿ, ಆಗ್ರಾದಿಂದ ಪಠಾಣ್‌ಕೋಟ್‌ವರೆಗೆ, 60ರ ಮೇಲಿನ ವೇಗದಲ್ಲಿ ಲೆಕ್ಕಕ್ಕೆ ಬರುತ್ತದೆ. ಕಾಶ್ಮೀರದ ಎತ್ತರದಲ್ಲಿ ಗಾಳಿ ಹೇಗೂ ತೆಳು, ವೇಗವೂ ಕಡಿಮೆ. ಅಲ್ಲಿ ಇದರ ಚಿಂತೆ ಬೇಡ. ಟಾರ್ಪಾಲನ್ನು ಪಟಪಟಿಸದಂತೆ ಹಗ್ಗ ಬಿಗಿದು ಕಟ್ಟುವುದು, ವೇಗ ಐದು ಕಿಲೋಮೀಟರ್ ತಗ್ಗಿಸುವುದು, ಮೇಲೆ ಹಿಮ ಬಿದ್ದಿದ್ದರೆ ಹೊರಡುವ ಮೊದಲು ಕೆಡವುವುದು, ಇಷ್ಟರಲ್ಲಿ ಈ ಬಾಬತ್ತು ಮುಗಿಯುತ್ತದೆ.

ಮಂಜಿನದು ಬೇರೆ ಕಥೆ. ಮಥುರಾದಿಂದ ಅಂಬಾಲಾವರೆಗೆ ಜನವರಿಯ ರಾತ್ರಿಗಳಲ್ಲಿ ಬಾನೆಟ್ಟಿನ ಆಚೆ ಏನೂ ಕಾಣುವುದಿಲ್ಲ. ಎರಡನೇ ಗೇರು, ಮೂರನೇ ಗೇರು, ಬ್ರೇಕು, ಮತ್ತೆ ಎರಡನೇ ಗೇರು. ಹೀಗೆ ತೆವಳುವಾಗ ಸುಡುವ ಡೀಸೆಲ್‌ನಲ್ಲಿ ಹಗಲು ಎರಡು ಪಟ್ಟು ದೂರ ಹೋಗಬಹುದು. ಡೀಸೆಲ್‌ಗಿಂತ ಮುಖ್ಯವಾಗಿ ಜೀವ ಇದೆ. ಹತ್ತು ಗಂಟೆಗೆ ಬಿಸಿಲು ಬರುವವರೆಗೆ ಡಾಬಾದಲ್ಲಿ ನಿಲ್ಲಿಸಿ ಮಲಗಲು ಡ್ರೈವರ್‌ಗೆ ಮೊದಲೇ ಅನುಮತಿ ಕೊಟ್ಟುಬಿಡಿ. ‘ಎಲ್ಲಿದ್ದೀಯಪ್ಪ, ಯಾಕೆ ನಿಂತಿದ್ದೀಯ’ ಎಂದು ಬೆಳಗಿನ ಜಾವ ಫೋನ್ ಮಾಡುವ ಮಾಲೀಕರು ಒಮ್ಮೆ ಆ ಮಂಜಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಬರಬೇಕು.

ಡೀಸೆಲ್ ಗಟ್ಟಿಯಾಗುವುದು

ಡೀಸೆಲ್‌ನಲ್ಲಿ ಸಹಜವಾಗಿಯೇ ಮೇಣದ ಅಂಶ ಇರುತ್ತದೆ. ಚಳಿಗೆ ಅದು ಬೇರ್ಪಟ್ಟು ಸಣ್ಣ ಹರಳಾಗುತ್ತದೆ, ಹರಳು ಫಿಲ್ಟರಿಗೆ ಅಂಟುತ್ತದೆ. ಕಣಿವೆಯ ಬಾಗಿಲಾದ ಕಾಜಿಗುಂಡ್‌ನಲ್ಲಿ ಬೆಳಿಗ್ಗೆ ಟಾರ್ಚು ಹಿಡಿದು, ಡೀಸೆಲ್‌ನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್‌ನ ಪಾರದರ್ಶಕ ಬಟ್ಟಲು ನೋಡಿದರೆ ಗೊತ್ತಾಗುತ್ತದೆ: ಹಿಂದಿನ ದಿನ ತಿಳಿಯಾಗಿದ್ದ ಡೀಸೆಲ್ ಮಬ್ಬಾಗಿ, ತಳದಲ್ಲಿ ಬೆಳ್ಳಗೆ, ನಮ್ಮ ಮನೆಯ ಕೊಬ್ಬರಿ ಎಣ್ಣೆ ಡಿಸೆಂಬರಿನಲ್ಲಿ ಶೀಶೆಯೊಳಗೆ ಕಟ್ಟುವ ಹಾಗೆ ಕಟ್ಟಿರುತ್ತದೆ. ಆಗ ಎಂಜಿನ್ ಸ್ಟಾರ್ಟ್ ಆಗಿ, ಎರಡು ನಿಮಿಷ ಓಡಿ, ಆರಿಹೋಗುತ್ತದೆ. ‘ಅಣ್ಣ, ಪಂಪ್ ಹೋಗಿದೆ’ ಎಂದು ಫೋನ್ ಬರುತ್ತದೆ. ಪಂಪ್ ಹೋಗಿರುವುದಿಲ್ಲ.

ನಮ್ಮ ದೇಶದ ಮಾನಕದಲ್ಲಿ ಡೀಸೆಲ್ ತಣ್ಣಗಾಗುತ್ತಾ ಎಷ್ಟು ಡಿಗ್ರಿಯವರೆಗೆ ಫಿಲ್ಟರಿನಲ್ಲಿ ಹರಿಯಬೇಕು ಎಂಬುದಕ್ಕೆ ಮಿತಿ ಇದೆ: ಬೇಸಿಗೆಯ ಡೀಸೆಲ್‌ಗೆ 18 ಡಿಗ್ರಿ, ಚಳಿಗಾಲದ್ದಕ್ಕೆ 6 ಡಿಗ್ರಿ. ಬಂಕಿನಲ್ಲಿ ಸಿಗುವುದು ಸಾಮಾನ್ಯವಾಗಿ ಇದಕ್ಕಿಂತ ಚೆನ್ನಾಗಿಯೇ ಇರುತ್ತದೆ, ಆದರೂ ಅದನ್ನು ಕಾಶ್ಮೀರದ ಚಿಲ್ಲೈ ಕಲಾನ್‌ಗೆಂದು ಮಾಡಿಲ್ಲ. ಡಿಸೆಂಬರ್ 21ರಿಂದ ನಲವತ್ತು ದಿನ ನಡೆಯುವ ಆ ಕಡುಚಳಿಯಲ್ಲಿ ಶ್ರೀನಗರದ ರಾತ್ರಿ ಮೈನಸ್ ಐದು, ಆರಕ್ಕೆ ಇಳಿಯುವುದು ಮಾಮೂಲು. ಲಡಾಖ್‌ನಂಥ ಎತ್ತರದ ಪ್ರದೇಶಗಳಿಗೆಂದೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಇಂಥ ಡೀಸೆಲ್ ತುಸು ಹಗುರ, ಲೀಟರ್‌ಗೆ ಸಿಗುವ ಶಕ್ತಿಯೂ ತುಸು ಕಡಿಮೆ. ಅದನ್ನು ತುಂಬಿಸಿದ ಮೇಲೆ ಮೈಲೇಜ್ ಸ್ವಲ್ಪ ಇಳಿದರೆ ಗಾಬರಿಯಾಗಬೇಡಿ. ಹರಿಯದ ಡೀಸೆಲ್‌ನಿಂದ ಸಿಗುವ ಮೈಲೇಜ್ ಸೊನ್ನೆ.

ಆದ್ದರಿಂದ ಕೆಳಗಿನ ರಾಜ್ಯದಲ್ಲಿ ಲೀಟರ್‌ಗೆ ಎರಡು ರೂಪಾಯಿ ಅಗ್ಗ ಎಂದು ಟ್ಯಾಂಕ್ ತುಂಬಿಸಿಕೊಂಡು ಮೇಲೆ ಹೋಗುವ ಲೆಕ್ಕ ಇಲ್ಲಿ ಬೇಡ. ಜಮ್ಮುವಿಗೆ ಬರುವಷ್ಟರಲ್ಲಿ ಟ್ಯಾಂಕ್ ತಳ ಮುಟ್ಟುವಂತೆ ನೋಡಿಕೊಂಡು ಅಲ್ಲಿ ತುಂಬಿಸಿ. ಮೇಣ ಕಟ್ಟದಂತೆ ತಡೆಯುವ ದ್ರಾವಣ ಬಳಸುವುದಾದರೆ ಡೀಸೆಲ್ ಇನ್ನೂ ಬೆಚ್ಚಗಿರುವಾಗಲೇ ಹಾಕಿ. ಮೊದಲು ದ್ರಾವಣ, ಅದರ ಮೇಲೆ ಡೀಸೆಲ್. ಹಾಗಾದರೆ ತಾನೇ ಬೆರೆಯುತ್ತದೆ. ಗಟ್ಟಿಯಾದ ಮೇಲೆ ಹಾಕಿ ಪ್ರಯೋಜನವಿಲ್ಲ. ವಾಟರ್ ಸೆಪರೇಟರ್‌ನ ನೀರನ್ನು ಸಂಜೆ ಎಂಜಿನ್ ಬಿಸಿ ಇರುವಾಗಲೇ ಬಿಡಬೇಕು. ಬೆಳಿಗ್ಗೆ ಅದು ಮಂಜುಗಡ್ಡೆಯಾಗಿರುತ್ತದೆ. ಬ್ರೇಕಿನ ಏರ್ ಟ್ಯಾಂಕಿನ ನೀರಿಗೂ ಇದೇ ನಿಯಮ.

ಕಟ್ಟಿಕೊಂಡರೆ ಏನು ಮಾಡಬೇಕು? ಫಿಲ್ಟರಿನ ಸುತ್ತ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಆರಿದಂತೆ ಬದಲಿಸುತ್ತಾ ಹೋಗಿ. ಅಷ್ಟಕ್ಕೂ ಆಗದಿದ್ದರೆ ಜೊತೆಗೆ ತಂದ ಹೊಸ ಫಿಲ್ಟರ್ ಹಾಕಿ. ಅವಸರವಿಲ್ಲದಿದ್ದರೆ ಬಿಸಿಲಿಗೆ ಕಾಯಿರಿ. ಟ್ಯಾಂಕಿರುವ ಮಗ್ಗುಲು ಬೆಳಗಿನ ಬಿಸಿಲಿಗೆ ಮುಖಮಾಡುವಂತೆ ರಾತ್ರಿಯೇ ಗಾಡಿ ನಿಲ್ಲಿಸಿದವರಿಗೆ ಈ ಕಾಯುವಿಕೆ ಕಡಿಮೆ. ಟ್ಯಾಂಕಿನ ಕೆಳಗೆ ಚಿಂದಿ, ಟಯರ್ ತುಂಡು ಉರಿಸುವುದನ್ನು ನೀವು ನೋಡಿಯೇ ಇರುತ್ತೀರಿ. ಬೇಡ. ಪ್ಲಾಸ್ಟಿಕ್ ಪೈಪು, ವೈರಿಂಗು, ಎಣ್ಣೆ ಜಿಡ್ಡು ತುಂಬಿದ ಜಾಗ ಅದು. ಗಾಡಿಯೂ ಲೋಡೂ ಒಟ್ಟಿಗೆ ಹೋಗುತ್ತವೆ. ಹಳೆಯ ಕಾಲದ ಇನ್ನೊಂದು ಮದ್ದು ಸೀಮೆಎಣ್ಣೆ ಬೆರೆಸುವುದು. ಹಳೆಯ ಪಂಪುಗಳು ತಡೆದುಕೊಳ್ಳುತ್ತಿದ್ದವು. ಹೊಗೆ ಮಿತಿಯ ಹೊಸ ನಿಯಮವಾದ ಬಿಎಸ್-6ರ ಗಾಡಿಗೆ ಗಂಧಕದ ಅಂಶ ಹತ್ತು ಲಕ್ಷಕ್ಕೆ ಹತ್ತು ಭಾಗ ಮೀರದ ಡೀಸೆಲ್ ಬೇಕು. ಸೀಮೆಎಣ್ಣೆಯಲ್ಲಿ ಅದು ಬಹಳ ಹೆಚ್ಚು, ಜಾರಿಕೆಯ ಗುಣ ಕಡಿಮೆ. ಇಂಜೆಕ್ಟರ್‌ಗಳ ಬೆಲೆ ಕೇಳಿದವರು ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿನಲ್ಲಿ ತುಂಬಿಸುವ, ಡ್ರೈವರ್‌ಗಳು ಯೂರಿಯಾ ಎನ್ನುವ ಡಿಇಎಫ್ ದ್ರಾವಣ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಕಣಿವೆಯಲ್ಲಿ ಆ ಮಟ್ಟ ಅಪರೂಪ. ಸೋನಾಮಾರ್ಗ್ ದಾಟಿ ಲಡಾಖ್ ಕಡೆಗೆ ಹೋಗುವವರಿಗೆ ಅಪರೂಪವಲ್ಲ. ಗಾಡಿಯಲ್ಲಿ ಅದನ್ನು ಕರಗಿಸುವ ವ್ಯವಸ್ಥೆ ಇರುತ್ತದೆ. ನೀವು ಮಾಡಬೇಕಾದದ್ದು ಕತ್ತಿನವರೆಗೆ ತುಂಬಿಸದಿರುವುದು, ಏಕೆಂದರೆ ಹೆಪ್ಪುಗಟ್ಟಿದಾಗ ಅದು ಹಿಗ್ಗುತ್ತದೆ. ಬಿಸಿನೀರು ಸುರಿದು ತೆಳುಮಾಡುವ ಬುದ್ಧಿ ಯಾರಿಗೂ ಬಾರದಿರಲಿ.

ಬೆಳಗಿನ ಸ್ಟಾರ್ಟು

ಹೀಟರ್ ದೀಪವಿರುವ ಗಾಡಿಯಲ್ಲಿ ಅದು ಆರುವವರೆಗೆ ಕಾದು ಸೆಲ್ಫ್ ಹೊಡೆಯಿರಿ. ಎಂಜಿನ್ ಹತ್ತಿದ ಮೇಲೆ ಬ್ರೇಕಿನ ಗಾಳಿ ತುಂಬಲು ಹೇಗೂ ಮೂರರಿಂದ ಐದು ನಿಮಿಷ ಬೇಕು. ಎಂಜಿನ್‌ಗೂ ಅಷ್ಟೇ ಸಾಕು. ಆ ಹೊತ್ತಿನಲ್ಲಿ ಟಯರು, ಹಗ್ಗ, ದೀಪ ನೋಡಿ ಬನ್ನಿ. ನಂತರ ಹೊರಟು ಮೊದಲ ಐದಾರು ಕಿಲೋಮೀಟರ್ ಆಕ್ಸಿಲರೇಟರ್ ಒತ್ತದೆ ಮೆಲ್ಲಗೆ ಓಡಿಸಿ. ಡೀಸೆಲ್ ಎಂಜಿನ್ ನಿಂತಲ್ಲಿ ಕಾಯುವುದಿಲ್ಲ, ಭಾರ ಎಳೆದಾಗ ಕಾಯುತ್ತದೆ. ಚಹಾ ಕುಡಿದು, ಸ್ನಾನ ಮುಗಿಸಿ, ಪೂಜೆ ಮಾಡಿ ಬರುವವರೆಗೆ ಅರ್ಧ ಗಂಟೆ ಎಂಜಿನ್ ಓಡಿಸಿದರೆ ಮುಳ್ಳು ಅಲ್ಲಾಡಿರುವುದಿಲ್ಲ. ಸೈಲೆನ್ಸರ್ ಕಡೆಯ ಜಾಲರಿಯಲ್ಲಿ ಮಸಿ ಕೂತಿರುತ್ತದೆ. ಬಿಎಸ್-6 ಗಾಡಿ ಆ ಮಸಿಯನ್ನು ಸುಡಲು ಮುಂದೆ ಮತ್ತೆ ಡೀಸೆಲ್ಲನ್ನೇ ಸುರಿಯುತ್ತದೆ. ಒಂದೇ ತಪ್ಪಿಗೆ ಎರಡು ದಂಡ.

ನಿಂತ ಗಾಡಿ

ಈಗ ದೊಡ್ಡ ಕಳ್ಳನ ವಿಷಯ. ಜಮ್ಮು-ಶ್ರೀನಗರ ಹೆದ್ದಾರಿಯಲ್ಲಿ ಚೆನಾನಿ-ನಾಶ್ರಿ ಸುರಂಗ 2017ರಲ್ಲಿ, ಬನಿಹಾಲ್-ಕಾಜಿಗುಂಡ್ ಸುರಂಗ 2021ರಲ್ಲಿ ತೆರೆದ ಮೇಲೆ ಏರು ಎಷ್ಟೋ ಹಗುರವಾಯಿತು. ಹಳೆಯ ಜವಾಹರ್ ಸುರಂಗಕ್ಕೆ ಸುಮಾರು 2,200 ಮೀಟರ್ ಎತ್ತರಕ್ಕೆ ಹತ್ತಬೇಕಿತ್ತು. ಹೊಸದು ಅದಕ್ಕಿಂತ 400 ಮೀಟರ್ ಕೆಳಗಿದೆ. ಆದರೆ ರಾಮಬನ್-ಬನಿಹಾಲ್ ನಡುವೆ ಮಳೆ, ಹಿಮ ಬಿದ್ದಾಗ ಗುಡ್ಡ ಜರಿದು ರಸ್ತೆ ಮುಚ್ಚುವುದು ನಿಂತಿಲ್ಲ. ಆಗ ಭಾರಿ ವಾಹನಗಳನ್ನು ಉಧಂಪುರದಲ್ಲೋ ಕಾಜಿಗುಂಡ್‌ನಲ್ಲೋ ಸಾಲಾಗಿ ತಡೆದು ನಿಲ್ಲಿಸುತ್ತಾರೆ. ಒಂದು ರಾತ್ರಿ, ಕೆಲವೊಮ್ಮೆ ಮೂರು ರಾತ್ರಿ.

ಲೆಕ್ಕ ನೋಡಿ. ಜಮ್ಮುವಿನಿಂದ ಶ್ರೀನಗರ ಸುಮಾರು 250 ಕಿ.ಮೀ. ಲೀಟರ್‌ಗೆ ಮೂರು ಎಂದರೆ 83 ಲೀಟರ್. ನಮ್ಮ ಗಾಡಿಗಳ ಎಂಜಿನ್ ನಿಂತಲ್ಲೇ ಓಡಿದರೆ ಗಂಟೆಗೆ ಒಂದೂವರೆ ಲೀಟರ್‌ನ ಆಸುಪಾಸು ಕುಡಿಯುತ್ತದೆ. ರಾತ್ರಿಗೆ ಹತ್ತು ಗಂಟೆಯಂತೆ ಮೂರು ರಾತ್ರಿಗೆ 45 ಲೀಟರ್. ಓಡಿದ ದೂರ ಅದೇ 250, ಹೋದ ಡೀಸೆಲ್ 128. ಸರಾಸರಿ ಎರಡಕ್ಕೂ ಕಡಿಮೆ! ತಿಪಟೂರಿನಲ್ಲಿ ಕೂತು ಚೀಟಿ ನೋಡುವವರಿಗೆ ಇದು ಕಳ್ಳತನವೆಂದೇ ಕಾಣುತ್ತದೆ. ಡ್ರೈವರ್ ಮಾತ್ರ ಮೂರು ರಾತ್ರಿ ಚಳಿಯಲ್ಲಿ ನಡುಗದೆ ಮಲಗಲು ನೋಡಿದ್ದಾನೆ, ಬೆಳಿಗ್ಗೆ ಡೀಸೆಲ್ ಕಟ್ಟಿಕೊಳ್ಳದಿರಲೆಂದು ನೋಡಿದ್ದಾನೆ. ಎಂಜಿನ್‌ನಿಂದ ಟ್ಯಾಂಕಿಗೆ ಮರಳುವ ಡೀಸೆಲ್ ಬಿಸಿಯಾಗಿರುವುದರಿಂದ ಓಡುತ್ತಿರುವ ಗಾಡಿಯಲ್ಲಿ ಮೇಣ ಕಟ್ಟುವುದಿಲ್ಲ ಎಂಬುದು ಅವನಿಗೆ ಗೊತ್ತಿದೆ.

ಹಾಗಾಗಿ ‘ಎಂಜಿನ್ ಆರಿಸು’ ಎಂದು ಫೋನಿನಲ್ಲಿ ಗದರಿದರೆ ಆಗುವುದಿಲ್ಲ. ಆರಿಸಲು ಧೈರ್ಯ ಬರುವಂತೆ ಮಾಡಬೇಕು. ಜಮ್ಮುವಿನ ಡೀಸೆಲ್, ಸರಿಯಾದ ಕೂಲೆಂಟ್, ಗಟ್ಟಿ ಬ್ಯಾಟರಿ ಇದ್ದರೆ ಗಾಡಿಯ ಭಯ ಹೋಗುತ್ತದೆ. ಮನುಷ್ಯರ ಚಳಿಗೆ ಇಬ್ಬರಿಗೂ ಒಂದೊಂದು ದಪ್ಪ ರಜಾಯಿ, ಉಣ್ಣೆಯ ಕಾಲುಚೀಲ, ಕ್ಯಾಬಿನ್ನಿನ ಬಾಗಿಲ ಸಂದಿಗೆ ರಬ್ಬರು. ರಸ್ತೆ ಮುಚ್ಚಿದ ರಾತ್ರಿಗಳಿಗೆ ಡಾಬಾ ಕೋಣೆಯ ಬಾಡಿಗೆ ನೀವೇ ಕೊಡಿ. 15 ಲೀಟರ್ ಡೀಸೆಲ್‌ನ ಬೆಲೆಗಿಂತ ಅದು ಕಡಿಮೆಯೇ ಆಗುತ್ತದೆ. ಮಧ್ಯರಾತ್ರಿ ಮತ್ತು ನಾಲ್ಕು ಗಂಟೆಗೆ ಎದ್ದು ಹದಿನೈದು ನಿಮಿಷ ಎಂಜಿನ್ ಓಡಿಸುವುದು ಕೆಲವರ ರೂಢಿ. ಬಹಳ ಚಳಿಯಿದ್ದಾಗ ಅದು ಸರಿಯೇ. ಹತ್ತು ಗಂಟೆ ಓಡಿಸುವುದಕ್ಕಿಂತ ಎಷ್ಟೋ ವಾಸಿ.

ಕ್ಯಾಬಿನ್ ಒಳಗೆ ಮಾತ್ರ ಇದ್ದಿಲಿನ ಒಲೆಯನ್ನಾಗಲಿ, ಅಲ್ಲಿನವರ ಕೆಂಡದ ಮಡಕೆಯಾದ ಕಾಂಗಡಿಯನ್ನಾಗಲಿ, ಗ್ಯಾಸ್ ಸ್ಟೌವನ್ನಾಗಲಿ ಹಚ್ಚಿಕೊಂಡು ಮಲಗಬಾರದು. ಗಾಜು ಏರಿಸಿದ ಕ್ಯಾಬಿನ್‌ನಲ್ಲಿ ಇಂಗಾಲದ ಮಾನಾಕ್ಸೈಡ್ ತುಂಬಿದರೆ ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ, ಎಚ್ಚರವೂ ಆಗುವುದಿಲ್ಲ. ಸೈಲೆನ್ಸರ್ ಹಿಮದಲ್ಲಿ ಹೂತಿರುವಾಗ ಎಂಜಿನ್ ಓಡಿಸಿ ಮಲಗುವುದೂ ಅಷ್ಟೇ ಅಪಾಯ. ಡೀಸೆಲ್ ಉಳಿಸಲು ಹೋಗಿ ಇಲ್ಲಿಗೆ ಬಂದು ಮುಟ್ಟಬೇಡಿ. ಬೇರೆ ದಾರಿಯೇ ಇಲ್ಲದ ರಾತ್ರಿ ಕಿಟಕಿ ಸ್ವಲ್ಪ ಇಳಿಸಿಕೊಂಡು ಎಂಜಿನ್ ಓಡಿಸಲಿ, 15 ಲೀಟರ್ ಹೋಗಲಿ.

ಇಳಿಜಾರು

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುತ್ತೇನೆ ಎನ್ನುವವರು ಇನ್ನೂ ಸಿಗುತ್ತಾರೆ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿಟ್ಟು ಕಾಲು ತೆಗೆದರೆ ಡೀಸೆಲ್ ಪೂರೈಕೆ ಪೂರ್ತಿ ನಿಲ್ಲುತ್ತದೆ, ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಇಡಲು ಡೀಸೆಲ್ ಹೋಗುತ್ತಲೇ ಇರುತ್ತದೆ. ಉಳಿಯುವುದು ಏನೂ ಇಲ್ಲ, ಬ್ರೇಕು ಕಾದು ಹೋಗುತ್ತದೆ. ಹೊಗೆಯ ದಾರಿಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಬಳಸಿದರೆ ಇಳಿಯುವಾಗಲೂ ಎಂಜಿನ್ ಬೆಚ್ಚಗಿರುತ್ತದೆ. ಹೆಪ್ಪುಗಟ್ಟಿದ ರಸ್ತೆಯಲ್ಲಿ ಅದನ್ನೂ ಬಿಟ್ಟು, ಮೊದಲೇ ತಗ್ಗಿದ ಗೇರಿಗೆ ಬಂದು ಇಳಿಯಬೇಕು. ಹಿಂದಿನ ಚಕ್ರ ಒಮ್ಮೆಗೇ ಹಿಡಿದರೆ ಗಾಡಿ ಅಡ್ಡ ತಿರುಗುತ್ತದೆ.

ಚೀಟಿ ಓದುವುದು

ಇಡೀ ಟ್ರಿಪ್ಪಿಗೆ ಒಂದೇ ಸರಾಸರಿ ಹಾಕಬೇಡಿ. ಊರಿನಿಂದ ದೆಹಲಿ, ದೆಹಲಿಯಿಂದ ಜಮ್ಮು, ಜಮ್ಮುವಿನಿಂದ ಶ್ರೀನಗರ ಎಂದು ಮೂರು ಭಾಗ ಮಾಡಿ, ಪ್ರತಿ ಭಾಗದ ಕೊನೆಗೆ ಟ್ಯಾಂಕ್ ಫುಲ್ ಮಾಡಿಸಿ ಲೀಟರ್ ಬರೆಸಿ.  ಈಗಿನ ಗಾಡಿಗಳಲ್ಲಿ ಎಂಜಿನ್ ಒಟ್ಟು ಓಡಿದ ಗಂಟೆ ಡ್ಯಾಶ್‌ಬೋರ್ಡಿನಲ್ಲೇ ಸಿಗುತ್ತದೆ. ಗಾಡಿ ಚಲಿಸಿದ ಗಂಟೆಯನ್ನು ಜಿಪಿಎಸ್ ಹೇಳುತ್ತದೆ. ಎಂಜಿನ್ ಗಂಟೆಯಿಂದ ಅದನ್ನು ಕಳೆದರೆ ನಿಂತು ಓಡಿದ ಗಂಟೆ. ಆ ಗಂಟೆಯನ್ನು ಒಂದೂವರೆಯಿಂದ ಗುಣಿಸಿ ಒಟ್ಟು ಲೀಟರ್‌ನಿಂದ ಮೊದಲು ಕಳೆಯಿರಿ. ಉಳಿದದ್ದನ್ನು ಕಳೆದ ವರ್ಷದ ಅದೇ ತಿಂಗಳಿನ ಅದೇ ಭಾಗದ ಜೊತೆ ಹೋಲಿಸಿ. ಸೆಪ್ಟೆಂಬರಿನ ಜೊತೆ ಹೋಲಿಸಿದರೆ ಜಗಳವೊಂದೇ ಸಿಗುತ್ತದೆ. ಇಷ್ಟು ಮಾಡಿದ ಮೇಲೂ ಬಯಲಿನ ಭಾಗದಲ್ಲಿ ಶೇ 10ಕ್ಕಿಂತ ಹೆಚ್ಚು ಕೊರತೆ ಕಂಡರೆ ಆಗ ಕೂರಿಸಿ ಕೇಳಿ. ಅದಕ್ಕೂ ಮೊದಲು ಬ್ರೇಕ್ ಹಿಡಿದುಕೊಂಡಿದೆಯೇ, ಏರ್ ಫಿಲ್ಟರ್ ಕಟ್ಟಿದೆಯೇ ನೋಡಿ.

ಟ್ರಿಪ್ಪಿಗೆ ಇಷ್ಟು ಡೀಸೆಲ್ ಎಂದು ಗುತ್ತಿಗೆ ಮಾತಾಡಿ ಕಳಿಸುವವರು ಡಿಸೆಂಬರಿನಿಂದ ಫೆಬ್ರುವರಿಗೆ ಬೇರೆಯೇ ಅಂಕಿ ಇಡಬೇಕು. ರಸ್ತೆ ಮುಚ್ಚಿದ ಪ್ರತಿ ರಾತ್ರಿಗೆ ಪ್ರತ್ಯೇಕ ಲೆಕ್ಕವಿರಲಿ. ಇಲ್ಲದಿದ್ದರೆ ಕೊರತೆ ತುಂಬಿಸಲು ಡ್ರೈವರ್ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುತ್ತಾನೆ.

ಹಿಂದಿರುಗುವಾಗ

ಸೇಬು ತುಂಬಿಕೊಂಡು ದಕ್ಷಿಣಕ್ಕೆ ಬರುವಾಗ ಟಯರಿನ ಲೆಕ್ಕ ತಿರುವುಮುರುವಾಗುತ್ತದೆ. ಮೈನಸ್ 3ರಲ್ಲಿ 120 ಹಿಡಿಸಿದ ಟಯರು ಬೆಂಗಳೂರಿನ ಮಧ್ಯಾಹ್ನದಲ್ಲಿ, ಓಡುವ ಬಿಸಿ ಸೇರುವ ಮೊದಲೇ, 135ರ ಸುತ್ತ ತೋರಿಸುತ್ತದೆ. ಅಂಬಾಲಾದಲ್ಲಿ, ಝಾನ್ಸಿಯಲ್ಲಿ, ನಾಗಪುರದಲ್ಲಿ ಬೆಳಗಿನ ತಣ್ಣನೆಯ ಹೊತ್ತು ನೋಡಿ ಇಳಿಸುತ್ತಾ ಬನ್ನಿ. ರೇಡಿಯೇಟರಿನ ರಟ್ಟು ಜಮ್ಮುವಿನಲ್ಲೇ ಕಳಚಲಿ. ಮರೆತು ತೆಲಂಗಾಣದವರೆಗೆ ತಂದು ಎಂಜಿನ್ ಕಾಯಿಸಿಕೊಂಡವರಿದ್ದಾರೆ. ಮೇಣ ಕಟ್ಟಿದ್ದ ಡೀಸೆಲ್ ಫಿಲ್ಟರ್ ಬಿಸಿಲಿಗೆ ಬಂದ ಮೇಲೆ ಸರಿಯಾದಂತೆ ಕಂಡರೂ ಊರು ಮುಟ್ಟಿದ ಮೇಲೆ ಬದಲಿಸಿ. ಗಾಡಿ ಕಾಯುತ್ತಿದೆ ಎಂದು ಮಾರ್ಚಿನಲ್ಲಿ ಮೆಕ್ಯಾನಿಕ್ ಥರ್ಮೋಸ್ಟಾಟ್ ಕೀಳಲು ಬಂದರೆ, ಮೊದಲು ರೇಡಿಯೇಟರ್ ತೊಳೆಯಲು ಹೇಳಿ.